ಶಾಫ್ಟ್ ಮೇಲೆ ನಡೆದ ದಾರ: ಮಿನಿ ಲೇತ್‌ನ ಫೀಡ್ ಸರಿಮಾಡಿದ ಒಂದು ಪ್ರಕರಣ

ಸುಲಿದ ಅಡಿಕೆಯ ಮೇಲೆ ಗೇರ್ ಎಣ್ಣೆ ಒಂದು ತೊಟ್ಟು ಬಿದ್ದರೂ ಅದನ್ನು ಬೇರೆ ತೆಗೆದಿಡಬೇಕು. ಕಲೆ ಹೋಗುವುದಿಲ್ಲ, ವಾಸನೆಯೂ ಹೋಗುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಭಾವನ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರವಿದೆ. ಮೋಟಾರಿನ ವೇಗ ಇಳಿಸೋಕೆ ಅದಕ್ಕೊಂದು ಸಣ್ಣ ವರ್ಮ್ ಗೇರ್ ಬಾಕ್ಸ್ ಕೂರಿಸಿದ್ದಾರೆ. ಅದರ ಹೊರಗಿನ ಶಾಫ್ಟ್ ಮೇಲೆ ಆಯಿಲ್ ಸೀಲ್ (ಎಣ್ಣೆ ಸೋರದಂತೆ ಶಾಫ್ಟನ್ನು ತಬ್ಬುವ, ರಬ್ಬರ್ ತುಟಿಯಿರುವ ಬಳೆ) ಓಡುವ ಜಾಗದಲ್ಲಿ ತುಕ್ಕು ಹಿಡಿದು ಗುಂಡಿ ಬಿದ್ದಿತ್ತು. ಹಳೇ ಶಾಫ್ಟನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಇದೇ ಅಳತೆಗೆ ಹೊಸದು ಮಾಡಿಕೊಡು ಅಂದರು. ನಾನು ಒಪ್ಪಿಕೊಂಡೆ.

ಕೆಲಸ ದೊಡ್ಡದೇನೂ ಅಲ್ಲ. 20 ಮಿಮೀ ದಪ್ಪ, 180 ಮಿಮೀ ಉದ್ದ. ಎರಡು ಕಡೆ 6204 ಬೇರಿಂಗ್, ಒಂದು ಕಡೆ 20-47-7 ಸೀಲ್ (ಒಳಗೆ 20, ಹೊರಗೆ 47, ಅಗಲ 7 ಮಿಮೀ). 25 ಮಿಮೀ ಇಎನ್8 ಉಕ್ಕಿನ ರಾಡ್ ತಂದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನನ್ನ ಮಿನಿ ಲೇತ್ ಇದೆ, ರಾಡನ್ನು ತಿರುಗಿಸಿ ಟೂಲಿನಿಂದ ಕೆತ್ತುವ ಸಣ್ಣ ಯಂತ್ರ. ಸೆಂಟರ್‌ಗಳ (ರಾಡನ್ನು ಎರಡು ತುದಿಯಲ್ಲಿ ಹಿಡಿಯುವ ಮೊನೆಗಳ) ನಡುವೆ 350 ಮಿಮೀ ಸಿಗುವ, ಮೇಜಿನ ಮೇಲೆ ಕೂರುವ ಮಾದರಿ ಅದು. ಒಂದು ಭಾನುವಾರ ಪೂರ್ತಿ ಕೂತು ಶಾಫ್ಟ್ ಮುಗಿಸಿದೆ. ನೋಡೋಕೆ ಫಳಫಳ ಹೊಳೆಯುತ್ತಿತ್ತು. ಬೇರಿಂಗ್ ಕೂರುವ ಜಾಗ ಮೈಕ್ರೋಮೀಟರ್‌ನಲ್ಲಿ 20.00 ಮತ್ತು 20.01ರ ನಡುವೆ ಬಂತು. ಸಮಾಧಾನದಿಂದಲೇ ಪಾರ್ಸೆಲ್ ಕಳಿಸಿದೆ.

ಮೂರನೇ ದಿನ ಭಾವನ ಫೋನ್. "ಏನಾ ಮಾರಾಯ, ಸೀಲ್ ಹೊಸದು ಹಾಕಿ ಎರಡು ದಿನ ಆಗ್ಲಿಲ್ಲ, ಮತ್ತೆ ಎಣ್ಣೆ ತೊಟ್ಟಿಕ್ತಿದೆ."

ಸೀಲೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ಹಾಕಿಸಿದೆವು. ಅದೂ ಸೋರಿತು. ಕೂರಿಸುವಾಗ ತುಟಿ ಹರಿದಿರಬೇಕು ಅಂದುಕೊಂಡು ಮೂರನೆಯದನ್ನು ಗ್ರೀಸ್ ಹಚ್ಚಿ, ಶಾಫ್ಟ್ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ ಜೋಪಾನವಾಗಿ ಜಾರಿಸಿದರು. ಅದೂ ಅಷ್ಟೇ. ಆದರೆ ಈ ಸಲ ಭಾವ ಒಂದು ಮಾತು ಹೇಳಿದರು, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ರಾತ್ರಿಯೆಲ್ಲ ಯಂತ್ರ ನಿಂತಿದ್ದಾಗ ಕೆಳಗೆ ಹಾಸಿದ ರಟ್ಟು ಒಣಗಿಯೇ ಇರುತ್ತದಂತೆ. ಯಂತ್ರ ಓಡಿದರೆ ಮಾತ್ರ ಎಣ್ಣೆ ಬರುತ್ತದಂತೆ.

ನಿಂತಾಗ ಸೋರಲ್ಲ, ಓಡುವಾಗ ಸೋರುತ್ತೆ ಅಂದರೆ ಸೀಲ್ ಹಿಡಿತದಲ್ಲಿ ತೊಂದರೆ ಇಲ್ಲ. ಶಾಫ್ಟೇ ಎಣ್ಣೆಯನ್ನು ಹೊರಗೆ ದಬ್ಬುತ್ತಿರಬೇಕು, ಅಲ್ವಾ? ಶಾಫ್ಟ್ ಬಿಚ್ಚಿ ವಾಪಸ್ ಕಳಿಸಿ ಅಂದೆ.

ನಮ್ಮ ಬೀದಿಯಲ್ಲಿ ಪೀಣ್ಯದಲ್ಲಿ ಮೂವತ್ತು ವರ್ಷ ಟರ್ನರ್ ಆಗಿ ಕೆಲಸ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಅಣ್ಣ ಅಂತಲೇ ಕರೆಯುವುದು. ಶಾಫ್ಟನ್ನು ಅವರ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು, ಓರೆ ಮಾಡಿ ನೋಡಿದರು. ಉಗುರಿನಲ್ಲಿ ಉದ್ದಕ್ಕೆ ಗೀರಿದರು. ಉಗುರು ಎಲ್ಲೂ ತಡೆಯಲಿಲ್ಲ.

"ಎಮರಿ ಕಾಗದ ಹೊಡೆದಿದ್ದೀರಾ?"

"ಹೌದಣ್ಣ, 400 ನಂಬರ್ ಹೊಡೆದೆ."

"ಹೊಳಪು ಎಮರಿದು. ಕೆಳಗೆ ಏನಿದೆ ಅಂತ ಹೊಳಪು ಹೇಳಲ್ಲ. ಲೇತ್ ಮೇಲೆ ಕಟ್ಟಿ, ಎಣ್ಣೆ ಹಚ್ಚಿ, ಒಂದು ದಾರ ಹಾಕಿ ನೋಡಿ."

ಅವರು ಹೇಳಿದ ಪರೀಕ್ಷೆ ಸರಳ. ಸೀಲ್ ಕೂರುವ ಶಾಫ್ಟ್ ತಯಾರಿಸುವ ಕಡೆ ಇದನ್ನು ನಿಜಕ್ಕೂ ಬಳಸುತ್ತಾರೆ. ಶಾಫ್ಟನ್ನು ಸೆಂಟರ್‌ಗಳ ಮೇಲೆ ನೇರವಾಗಿ ಕಟ್ಟಬೇಕು, ತೆಳು ಎಣ್ಣೆ ಸವರಬೇಕು. ಹೊಲಿಗೆ ದಾರದ ಒಂದು ತುದಿಯನ್ನು ಲೇತ್ ಹಿಂದೆ ಗಟ್ಟಿಯಾಗಿ ಕಟ್ಟಿ, ಶಾಫ್ಟ್ ಮೇಲಿಂದ ಹಾಯಿಸಿ, ಮುಂದಿನ ತುದಿಗೆ 30 ಗ್ರಾಂ ಆಸುಪಾಸಿನ ತೂಕ ನೇತುಹಾಕಬೇಕು. ನಾನು ಎರಡು ನಟ್ ಕಟ್ಟಿದೆ. ದಾರ ಶಾಫ್ಟನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತಬ್ಬಿಕೊಂಡಿದ್ದರೆ ಸಾಕು. ಪೂರ್ತಿ ಒಂದು ಸುತ್ತು ಮಾತ್ರ ಸುತ್ತಬೇಡಿ, ಹಿಡಿದುಕೊಂಡುಬಿಟ್ಟರೆ ಎಳೆದುಕೊಂಡು ಹೋಗುತ್ತದೆ. ಲೇತನ್ನು ನಿಮಿಷಕ್ಕೆ 60 ಸುತ್ತಿನಲ್ಲಿ ನಿಧಾನಕ್ಕೆ ತಿರುಗಿಸಿ, ಕೈ ದೂರ ಇಟ್ಟು, ದಾರ ನಿಂತಲ್ಲೇ ಇರುತ್ತದೋ ಜರುಗುತ್ತದೋ ನೋಡಬೇಕು.

ದಾರ ಜರುಗಿತು. ಯಾರೋ ಮೆಲ್ಲಗೆ ಎಳೆದ ಹಾಗೆ ಎಡಗಡೆಯ ಚಕ್ ಕಡೆಗೆ ಹೊರಟಿತು. ಲೇತ್ ಉಲ್ಟಾ ತಿರುಗಿಸಿದೆ, ದಾರ ಬಲಗಡೆಯ ಟೇಲ್ ಸ್ಟಾಕ್ ಕಡೆಗೆ ವಾಪಸ್ ಬಂತು. ಹೀಗೆ ಉಲ್ಟಾ ತಿರುಗಿಸಿ ನೋಡುವುದು ಬಹಳ ಮುಖ್ಯ. ಶಾಫ್ಟ್ ಒಂದು ಕಡೆ ವಾಲಿದ್ದರೂ ದಾರ ಜಾರುತ್ತದೆ, ಆದರೆ ಆಗ ಹೇಗೆ ತಿರುಗಿಸಿದರೂ ಒಂದೇ ಕಡೆಗೆ ಜಾರುತ್ತದೆ. ತಿರುಗುವ ದಿಕ್ಕು ಬದಲಾದಾಗ ದಾರದ ದಿಕ್ಕೂ ಬದಲಾದರೆ ಶಾಫ್ಟ್ ಮೇಲೆ ಸುರುಳಿ ಇದೆ ಅಂತಲೇ ಅರ್ಥ. ಟೂಲ್ ಬಿಟ್ಟುಹೋದ ಗೀರು ಅದು, ಸಣ್ಣ ಥ್ರೆಡ್ಡೇ. ಟೂಲ್ ಯಾವ ದಾರಿಯಲ್ಲಿ ಹೋಗಿತ್ತೋ ದಾರವೂ ಅದೇ ದಾರಿ ಹಿಡಿದಿತ್ತು. ಗೇರ್ ಬಾಕ್ಸಿನೊಳಗೆ ಎಣ್ಣೆಯೂ ಅದನ್ನೇ ಹಿಡಿದು ಸೀಲಿನ ತುಟಿ ಕೆಳಗಿಂದ ಹೊರಗೆ ನಡೆಯುತ್ತಿತ್ತು.

ಇಲ್ಲಿಗೆ ಕಾರಣ ಸಿಕ್ಕಿತು ಅಂತ ನಿಲ್ಲಿಸಬಹುದಿತ್ತು. ಆದರೆ ಸುಮ್ನೆ ಒಂದು ಕುತೂಹಲಕ್ಕೆ ಶಾಫ್ಟ್ ಪಕ್ಕ ಸ್ಟೀಲ್ ಸ್ಕೇಲ್ ಇಟ್ಟು, ಒಂದು ನಿಮಿಷದಲ್ಲಿ ದಾರ ಎಷ್ಟು ದೂರ ಹೋಗುತ್ತೆ ಅಂತ ಮೊಬೈಲಿನಲ್ಲಿ ಸಮಯ ಇಟ್ಟುಕೊಂಡು ಅಳೆದೆ. ಸುಮಾರು 11 ಮಿಮೀ. ಇನ್ನೊಂದು ಸಲ ಅಳೆದೆ. ಆಗಲೂ 11.

ಇದು ಸರಿ ಬರುತ್ತಿರಲಿಲ್ಲ. ನನ್ನ ಲೆಕ್ಕದ ಪ್ರಕಾರ ಫೀಡ್, ಅಂದರೆ ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಪಕ್ಕಕ್ಕೆ ಸರಿಯುವ ದೂರ, ಸುತ್ತಿಗೆ 0.094 ಮಿಮೀ ಇರಬೇಕು. 60 ಸುತ್ತಿಗೆ 5.6 ಮಿಮೀ ಆಗಬೇಕು. ದಾರ ಅದರ ಎರಡರಷ್ಟು ಹೋಗುತ್ತಿದೆ. ಅಂದರೆ ಶಾಫ್ಟ್ ಟರ್ನ್ ಮಾಡುವಾಗ ಫೀಡೇ ಎರಡರಷ್ಟು ಇತ್ತು.

ಮಿನಿ ಲೇತ್ ಗೊತ್ತಿಲ್ಲದವರಿಗಾಗಿ ಫೀಡ್ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ಲೇತ್‌ನಲ್ಲಿ ಫೀಡಿಗೆ ಬೇರೆ ಫೀಡ್ ರಾಡ್ ಇರುತ್ತದೆ, ಗೇರ್ ಬಾಕ್ಸಿನ ಲಿವರ್ ಸರಿಸಿದರೆ ಫೀಡ್ ಬದಲಾಗುತ್ತದೆ. ನಮ್ಮ ಸಣ್ಣ ಲೇತ್‌ನಲ್ಲಿ ಅದೆಲ್ಲ ಇಲ್ಲ. ಥ್ರೆಡ್ ಕತ್ತರಿಸೋಕೂ ಫೀಡಿಗೂ ಒಂದೇ ಲೀಡ್ ಸ್ಕ್ರೂ (ಟೂಲ್ ಹೊತ್ತ ಕ್ಯಾರೇಜನ್ನು ಸಾಗಿಸುವ ಉದ್ದ ಸ್ಕ್ರೂ), ಒಂದೇ ಹಾಫ್ ನಟ್ (ಕ್ಯಾರೇಜನ್ನು ಆ ಸ್ಕ್ರೂಗೆ ಸೇರಿಸುವ ನಟ್). ಎಡಗಡೆ ಕವರ್ ಬಿಚ್ಚಿದರೆ ನಾಲ್ಕು ಚೇಂಜ್ ಗೇರ್ ಕಾಣುತ್ತವೆ. ಎ ಗೇರ್ ಬಿ ಗೇರನ್ನು ತಿರುಗಿಸುತ್ತದೆ. ಬಿ ಮತ್ತು ಸಿ ಒಂದೇ ಪಿನ್ ಮೇಲೆ ಕೂತಿರುತ್ತವೆ. ಸಿ ಗೇರ್ ಡಿ ಗೇರನ್ನು ತಿರುಗಿಸುತ್ತದೆ, ಡಿ ಲೀಡ್ ಸ್ಕ್ರೂ ಮೇಲಿರುತ್ತದೆ. ಸಾಮಾನ್ಯವಾಗಿ ಫೀಡಿಗೆ ಹಾಕುವುದು ಎ 20, ಬಿ 80, ಸಿ 20, ಡಿ 80 ಹಲ್ಲು. ಇಪ್ಪತ್ತಕ್ಕೆ ಎಂಬತ್ತು ಅಂದರೆ ಕಾಲು ಭಾಗ, ಎರಡು ಸಲ ಕಾಲು ಮಾಡಿದರೆ ಹದಿನಾರನೇ ಒಂದು. ಸ್ಪಿಂಡಲ್ (ಚಕ್ ಕೂತಿರುವ ಅಕ್ಷ) 16 ಸುತ್ತು ಸುತ್ತಿದರೆ ಲೀಡ್ ಸ್ಕ್ರೂ ಒಂದು ಸುತ್ತು. ನನ್ನ ಲೀಡ್ ಸ್ಕ್ರೂ ಪಿಚ್ 1.5 ಮಿಮೀ. 1.5ನ್ನು 16ರಿಂದ ಭಾಗಿಸಿದರೆ 0.09375.

ಇಂಚಿಗೆ 16 ಥ್ರೆಡ್ ಇರುವ ಲೀಡ್ ಸ್ಕ್ರೂಗಳೂ ಬರುತ್ತವೆ. ಅದರಲ್ಲಿ ಇದೇ ಗೇರ್ ಹಾಕಿದರೆ ಫೀಡ್ 0.099 ಆಗುತ್ತದೆ. ನಿಮ್ಮದು ಯಾವುದು ಅಂತ ತಿಳಿಯೋಕೆ ಸ್ಕ್ರೂ ಮೇಲೆ ಸ್ಕೇಲ್ ಇಟ್ಟು ಹತ್ತು ಥ್ರೆಡ್ ಅಳೆಯಿರಿ, 15 ಮಿಮೀ ಬಂದರೆ ಮೆಟ್ರಿಕ್, 16ರ ಹತ್ತಿರ ಬಂದರೆ ಇಂಚು.

ಕವರ್ ಬಿಚ್ಚಿ ನೋಡಿದೆ. ಬಿ 80, ಸಿ 20, ಡಿ 80 ಸರಿಯಾಗಿಯೇ ಇದ್ದವು. ಎ ಗೇರ್ ಮೇಲೆ ಗ್ರೀಸ್ ಮೆತ್ತಿಕೊಂಡಿತ್ತು. ಒರೆಸಿದೆ. ಅಚ್ಚಿನಲ್ಲಿ 40 ಅಂತ ಇತ್ತು.

ಯಾಕೆ ಅಂತ ತಕ್ಷಣ ಗೊತ್ತಾಯಿತು. ಶಾಫ್ಟ್ ಮಾಡುವ ಹಿಂದಿನ ವಾರ 1 ಮಿಮೀ ಪಿಚ್ಚಿನ ಥ್ರೆಡ್ ಕತ್ತರಿಸಿದ್ದೆ. ಅದಕ್ಕೆ ಮೇಲೆ ಎ ಜಾಗದಲ್ಲಿ 40, ಲೀಡ್ ಸ್ಕ್ರೂ ಮೇಲೆ 60 ಹಾಕಿದ್ದೆ. ವಾಪಸ್ ಫೀಡಿಗೆ ತರುವಾಗ ಕೆಳಗಿನ ಮೂರು ಬದಲಿಸಿ ಮೇಲಿನದನ್ನು ಹಾಗೇ ಬಿಟ್ಟಿದ್ದೆ. 40 ಹಲ್ಲಿದ್ದರೂ ಬಾಂಜೋ (ಗೇರ್ ಪಿನ್ ಕೂರುವ, ಸರಿಸಬಹುದಾದ ತೋಳು) ಸರಿಸಿದರೆ ಗೇರ್‌ಗಳು ಚೆನ್ನಾಗಿಯೇ ಕಚ್ಚಿಕೊಳ್ಳುತ್ತವೆ, ಶಬ್ದವೂ ಬೇರೆ ಬರುವುದಿಲ್ಲ. ಫೀಡ್ 0.1875 ಆಗಿತ್ತು. 60ರಿಂದ ಗುಣಿಸಿದರೆ 11.25. ದಾರ ಹೇಳಿದ್ದು ಅಷ್ಟೇ.

ಎರಡರಷ್ಟು ಫೀಡ್ ಆದರೆ ಗೀರೂ ಎರಡರಷ್ಟು ಆಳ ಅಂತ ಅಂದುಕೊಳ್ಳಬೇಡಿ, ನಾಲ್ಕರಷ್ಟು ಆಗುತ್ತದೆ. ಟೂಲ್ ತುದಿ ದುಂಡಗಿರುವುದರಿಂದ ಗೀರಿನ ಆಳವನ್ನು ಹೀಗೆ ಅಂದಾಜು ಮಾಡಬಹುದು: ಫೀಡನ್ನು ಅದರಿಂದಲೇ ಗುಣಿಸಿ, ನೋಸ್ ರೇಡಿಯಸ್‌ನ (ಆ ದುಂಡು ತುದಿಯ ತ್ರಿಜ್ಯದ) ಎಂಟರಷ್ಟರಿಂದ ಭಾಗಿಸಿ. ನಾನು ಹಾಕಿದ್ದು ಸಿಸಿಎಂಟಿ 060204 ಇನ್ಸರ್ಟ್ (ಟೂಲ್ ತುದಿಗೆ ಕೂರಿಸುವ ಕತ್ತರಿಸುವ ಬಿಲ್ಲೆ), ಕೊನೆಯ 04 ಅಂದರೆ 0.4 ಮಿಮೀ ರೇಡಿಯಸ್. ಫೀಡ್ 0.1875 ಇದ್ದಾಗ ಆಳ 11 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಮೀಯ ಸಾವಿರದ ಒಂದು ಭಾಗ). ಫೀಡ್ 0.094 ಇದ್ದಿದ್ದರೆ 2.7 ಮೈಕ್ರಾನ್. ಇದು ಲೆಕ್ಕದ ಮಾತು. ಲೇತ್ ಅಲುಗಾಟ, ಸವೆದ ತುದಿ ಎಲ್ಲ ಸೇರಿದರೆ ನಿಜವಾದ ಆಳ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಆಯಿಲ್ ಸೀಲ್ ಓಡುವ ಜಾಗದಲ್ಲಿ ಏರಿಳಿತ 1ರಿಂದ 5 ಮೈಕ್ರಾನ್ ಒಳಗೆ ಇರಬೇಕು. ತೀರಾ ಕನ್ನಡಿ ಆಗಲೂಬಾರದು, ಎಣ್ಣೆ ಪದರ ನಿಲ್ಲಲ್ಲ, ತುಟಿ ಸುಟ್ಟುಹೋಗುತ್ತದೆ. ಎಮರಿ ಹೊಡೆದಾಗ ನಾನು ಏಣುಗಳನ್ನು ಮಾತ್ರ ತೆಗೆದಿದ್ದೆ. ತಗ್ಗು ಹಾಗೇ ಉಳಿದಿತ್ತು. ಉಗುರಿಗೆ ಸಿಗದೇ ಇದ್ದದ್ದು ಎಣ್ಣೆಗೆ ಸಿಕ್ಕಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಲೇತ್ ಹೊಸದಾಗಿ ಕಲಿಯುವವರು ಬಹಳ ಜನ ಇದರಲ್ಲಿ ಎಡವುತ್ತಾರೆ. ಮೊದಲ ಶಾಫ್ಟ್ ಮಾಡುವಾಗಲೇ ಫಿನಿಶ್ ಸ್ವಲ್ಪ ಒರಟು ಅನ್ನಿಸಿತ್ತು. ಸ್ಪೀಡ್ 900ರಿಂದ 500ಕ್ಕೆ ಇಳಿಸಿ ನೋಡಿದೆ. ಕ್ಯಾರೇಜ್ ನಿಧಾನಕ್ಕೆ ಹೋಗೋಕೆ ಶುರುವಾಯಿತು, ಫೀಡ್ ಕಮ್ಮಿ ಆಯಿತು ಅಂತ ತೃಪ್ತಿಪಟ್ಟೆ. ಆದರೆ ಲೀಡ್ ಸ್ಕ್ರೂ ತಿರುಗುವುದು ಸ್ಪಿಂಡಲ್‌ನಿಂದಲೇ ಅಲ್ವಾ. ಸ್ಪಿಂಡಲ್ ನಿಧಾನ ಆದರೆ ಸ್ಕ್ರೂ ಕೂಡ ಅಷ್ಟೇ ನಿಧಾನ. ನಿಮಿಷಕ್ಕೆ ಎಷ್ಟು ಮಿಮೀ ಅನ್ನುವುದು ಬದಲಾಗುತ್ತದೆ, ಸುತ್ತಿಗೆ ಎಷ್ಟು ಅನ್ನುವುದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಗೀರಿನ ಅಂತರ ತೀರ್ಮಾನಿಸುವುದು ಸುತ್ತಿನ ಲೆಕ್ಕ. ಅದನ್ನು ಬದಲಿಸಬೇಕಾದರೆ ಗೇರ್ ಬಿಚ್ಚಲೇಬೇಕು. ಸ್ಪೀಡ್ ಇಳಿಸಿದ್ದರಿಂದ ಇನ್ಸರ್ಟಿಗೆ ಬೇಕಾದ ಕತ್ತರಿಸುವ ವೇಗವೂ ಸಿಗದೆ ಫಿನಿಶ್ ಇನ್ನಷ್ಟು ಮಂಕಾಯಿತು.

ಎರಡನೇ ಶಾಫ್ಟ್ ಶುರುಮಾಡುವ ಮೊದಲು ಎ ಗೇರ್ ಜಾಗಕ್ಕೆ 20 ಹಾಕಿದೆ. ಗೇರ್ ಹಲ್ಲುಗಳ ನಡುವೆ ನೋಟ್‌ಬುಕ್ ಹಾಳೆಯ ಚೂರು ಸಿಕ್ಕಿಸಿ, ಬಿಗಿ ಮಾಡಿ, ಹಾಳೆ ಎಳೆದುಬಿಟ್ಟೆ. ಅಷ್ಟು ಸಡಿಲ ಸಾಕು. ಈ ಸಲ ಗೇರ್ ನಂಬರ್ ಓದಿ ಸುಮ್ಮನಾಗಲಿಲ್ಲ. ಮೋಟಾರ್ ಪ್ಲಗ್ ಕಿತ್ತು, ಹಾಫ್ ನಟ್ ಹಾಕಿ, ಚಕ್ಕನ್ನು ಕೈಯಲ್ಲೇ ತಿರುಗಿಸಿದೆ. ಮೊದಲ ಕೆಲವು ಸುತ್ತು ಲೆಕ್ಕಕ್ಕೆ ಬರುವುದಿಲ್ಲ, ಗೇರ್‌ಗಳಲ್ಲಿ ಮತ್ತು ಹಾಫ್ ನಟ್‌ನಲ್ಲಿ ಇರುವ ಸಡಿಲ ಮೊದಲು ಮುಗಿಯಬೇಕು. ಕ್ಯಾರೇಜ್ ಹೊರಟಿತು ಅಂತ ಖಾತ್ರಿ ಆದ ಮೇಲೆ, ಬೆಡ್ ಮೇಲೆ ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ಕೂರಿಸಿದ ಡಯಲ್ ಗೇಜನ್ನು ಕ್ಯಾರೇಜಿಗೆ ತಾಗಿಸಿ ಸೊನ್ನೆ ಮಾಡಿದೆ. ಚಕ್ಕಿನ ಒಂದು ಜಾ (ಹಿಡಿಯುವ ದವಡೆ) ಮೇಲೆ ಚಾಕ್ ಗುರುತು ಹಾಕಿ 20 ಸುತ್ತು ಎಣಿಸಿದೆ. ಗೇಜ್ 1.87 ತೋರಿಸಿತು. ಲೆಕ್ಕದಲ್ಲಿ 1.875. ಎ ಜಾಗದಲ್ಲಿ 40 ಇದ್ದಿದ್ದರೆ ಇಲ್ಲೇ 3.75 ಬಂದು ಗೊತ್ತಾಗುತ್ತಿತ್ತು. ಐದು ನಿಮಿಷದ ಕೆಲಸ ಇದು. ಮೊದಲ ಸಲವೇ ಮಾಡಿದ್ದರೆ ಮೂರು ಸೀಲ್, ಒಂದು ರಾಡ್, ಎರಡು ಪಾರ್ಸೆಲ್ ಉಳಿಯುತ್ತಿತ್ತು.

ಇನ್ನೂ ಸಣ್ಣ ಫೀಡ್ ಯಾಕೆ ಬೇಡ ಅಂತ ಕೇಳಬಹುದು. ನಾನೂ ಅಣ್ಣನನ್ನು ಅದನ್ನೇ ಕೇಳಿದೆ. ನನ್ನ ಗೇರ್ ಸೆಟ್ಟಿನಲ್ಲಿ ಅತಿ ಸಣ್ಣದು 20, ಅತಿ ದೊಡ್ಡದು 80, ಹಾಗಾಗಿ 0.094ಕ್ಕಿಂತ ಕೆಳಗೆ ಹೋಗಬೇಕಾದರೆ ಇನ್ನೊಂದು ಜೋಡಿ ಸೇರಿಸಬೇಕು. ಅದಕ್ಕಿಂತ ದೊಡ್ಡ ಮಾತು ಅಂದರೆ, ಇನ್ಸರ್ಟ್ ಅಂಚು ಬ್ಲೇಡಿನಷ್ಟು ಚೂಪಲ್ಲ, ಬೇಗ ಮುರಿಯದಿರಲಿ ಅಂತ ಅಂಚನ್ನು ಸ್ವಲ್ಪ ಮೊಂಡು ಮಾಡಿರುತ್ತಾರೆ. ಫೀಡ್ ತೀರಾ ಸಣ್ಣದಾದರೆ ಅದು ಕತ್ತರಿಸುವುದು ಬಿಟ್ಟು ಉಜ್ಜುತ್ತದೆ. ಚಿಪ್ಸ್ ಬದಲು ಪುಡಿ ಬರುತ್ತದೆ, ಜಾಬ್ ಬಿಸಿಯಾಗುತ್ತದೆ, ಒಮ್ಮೆ ಕಚ್ಚಿ ಒಮ್ಮೆ ಜಾರಿ ಅಳತೆ ಎಲ್ಲೆಂದರಲ್ಲಿ ಹೋಗುತ್ತದೆ. ಸ್ಟೇನ್‌ಲೆಸ್‌ನಲ್ಲಂತೂ ಉಜ್ಜಿದ ಜಾಗವೇ ಗಟ್ಟಿಯಾಗಿ ಮುಂದಿನ ಕಟ್ ಹಿಡಿಯುವುದೇ ಇಲ್ಲ.

ಫೀಡ್ ಹಾಗೇ ಇಟ್ಟು ನೋಸ್ ರೇಡಿಯಸ್ ದೊಡ್ಡದು ಮಾಡಿದರೂ ಗೀರು ಕಮ್ಮಿಯಾಗುತ್ತದೆ. 0.8 ಮಿಮೀ ಹಾಕಿದರೆ 2.7 ಇದ್ದದ್ದು 1.4 ಮೈಕ್ರಾನ್ ಆಗಬೇಕು. 0.8ರ ಇನ್ಸರ್ಟ್ ಹಾಕಿ ಪ್ರಯತ್ನಿಸಿದೆ. ಅಗಲವಾದ ತುದಿ ಜಾಬನ್ನು ಜಾಸ್ತಿ ದಬ್ಬಿತು, ಸಣ್ಣ ಲೇತ್ ತಡೆಯಲಿಲ್ಲ, ಕಿರ್ ಅಂತ ಚಾಟರ್, ಅಂದರೆ ನಡುಕ, ಶುರುವಾಯಿತು. ಅಣ್ಣ ಮನೆಗೆ ಹೋಗಿ ತಮ್ಮ ಹಳೇ ಎಚ್ಎಸ್ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ ತಂದರು. ಗ್ರೈಂಡಿಂಗ್ ವೀಲ್‌ನಲ್ಲಿ ಹಿಡಿದು, ಆಮೇಲೆ ಎಣ್ಣೆಕಲ್ಲಿನ ಮೇಲೆ ತುದಿಯನ್ನು ಮೆಲ್ಲಗೆ ಉರುಳಿಸಿ ಉರುಳಿಸಿ ದುಂಡು ಮಾಡಿದರು. ಹೆಬ್ಬೆರಳ ಉಗುರಿನ ಮೇಲೆ ಅಂಚು ಇಟ್ಟು ನೋಡಿದರು, ಜಾರಲಿಲ್ಲ, ಕಚ್ಚಿ ನಿಂತಿತು. ಇನ್ನು ಹಾಕಿ ಅಂದರು.

ದಪ್ಪ ಕಟ್ಟುಗಳನ್ನೆಲ್ಲ ಇನ್ಸರ್ಟಿನಲ್ಲೇ ಮುಗಿಸಿ 20.25ಕ್ಕೆ ತಂದಿದ್ದೆ. ಕೊನೆಯ ಎರಡು ಕಟ್ಟು ಈ ಬಿಟ್‌ನಲ್ಲಿ. ಸ್ಪೀಡ್ 320, ಅಂದರೆ ಈ ದಪ್ಪಕ್ಕೆ ನಿಮಿಷಕ್ಕೆ 20 ಮೀಟರ್, ಇಎನ್8ಗೆ ಎಚ್ಎಸ್ಎಸ್ ತಡೆಯುವ ವೇಗ. ಬ್ರಷ್‌ನಿಂದ ಕಟಿಂಗ್ ಆಯಿಲ್ ಹಚ್ಚುತ್ತಾ ಹೋದೆ. ಫೀಡ್ ಅದೇ 0.094. ನಿಮಿಷಕ್ಕೆ 30 ಮಿಮೀ ಮಾತ್ರ ಹೋಗುತ್ತದೆ, ಕಾಯಬೇಕು. ತೆಳುವಾದ ಚಿಪ್ಸ್ ಒಂದೇ ಹದದಲ್ಲಿ ಸುರುಳಿ ಸುತ್ತಿಕೊಂಡು ಬೀಳುತ್ತಿದ್ದವು. ಅದನ್ನು ನೋಡುತ್ತಲೇ ಫೀಡ್ ಈಗ ಸರಿ ಇದೆ ಅನ್ನಿಸಿತು. ಈ ಲೇತ್‌ಗಳಲ್ಲಿ ಫೀಡಿಗೆ ಕ್ಲಚ್ ಇಲ್ಲ, ಗೆರೆ ದಾಟಿದರೆ ಟೂಲ್ ಹೋಗಿ ಚಕ್ಕಿಗೆ ಹೊಡೆಯುತ್ತದೆ. ಅದಕ್ಕೆ ಕೊನೆಯ 2 ಮಿಮೀ ಇರುವಾಗಲೇ ಹಾಫ್ ನಟ್ ಬಿಟ್ಟು ಕೈಯಲ್ಲಿ ಮುಗಿಸಿದೆ.

ಆದರೂ ಸೀಲ್ ಜಾಗದಲ್ಲಿ ದಾರ ಹಾಕಿ ನೋಡಿದಾಗ ಜರುಗಿತು. ಮೊದಲಿನಷ್ಟಲ್ಲ. ಒಂದು ನಿಮಿಷಕ್ಕೆ ಐದೂವರೆ ಮಿಮೀ. ಫೀಡ್ ಎಷ್ಟು ಸಣ್ಣ ಮಾಡಿದರೂ ಸುರುಳಿ ಸುರುಳಿಯೇ, ಅದು ಪೂರ್ತಿ ಹೋಗಬೇಕಾದರೆ ಟೂಲ್ ಪಕ್ಕಕ್ಕೆ ಸರಿಯಲೇಬಾರದು. ಅದಕ್ಕೇ ಕಾರ್ಖಾನೆಗಳಲ್ಲಿ ಈ ಜಾಗವನ್ನು ಗ್ರೈಂಡಿಂಗ್ ಮಾಡುವಾಗ ವೀಲ್ ಅನ್ನು ಪಕ್ಕಕ್ಕೆ ಸರಿಸದೆ ನೇರ ಒಳಗೆ ಒತ್ತುತ್ತಾರೆ. ನಾನು ಅಲ್ಲಿ 0.02 ಬಿಟ್ಟುಕೊಂಡಿದ್ದೆ. ಬೆಡ್ ಮೇಲೆ ಪೇಪರ್ ಹಾಸಿ, ಸೀಲ್ ಜಾಗಕ್ಕಿಂತ ಅಗಲವಾದ ಎಮರಿ ಪಟ್ಟಿಯನ್ನು ಮರದ ಚೂರಿನ ಮೇಲೆ ಹಿಡಿದು, ಎಣ್ಣೆ ಹಚ್ಚಿ, ಒಂದೇ ಜಾಗದಲ್ಲಿ ಒತ್ತಿ ಹಿಡಿದೆ. ಮೊದಲ ಸಲ ನಾನು ಎಮರಿಯನ್ನು ಉದ್ದಕ್ಕೆ ಓಡಾಡಿಸಿದ್ದೆ, ಅದು ಇನ್ನೊಂದಿಷ್ಟು ಸುರುಳಿ ಸೇರಿಸಿತ್ತು ಅಷ್ಟೇ. ಈ ಸಲ ಪಕ್ಕಕ್ಕೆ ಒಂದಿಷ್ಟೂ ಕದಲಿಸಲಿಲ್ಲ. ಲೇತ್ ನೇರ ತಿರುಗಿಸಿ ಸ್ವಲ್ಪ ಹೊತ್ತು, ಉಲ್ಟಾ ತಿರುಗಿಸಿ ಅಷ್ಟೇ ಹೊತ್ತು. 220, ಆಮೇಲೆ 400. ಫೀಡ್ ಗೀರು ಮೂರು ಮೈಕ್ರಾನ್ ಒಳಗೇ ಇದ್ದಿದ್ದರಿಂದ ತಗ್ಗಿನ ತಳದವರೆಗೂ ತೆಗೆಯೋಕೆ ಆಯಿತು. ಹಳೇ ಶಾಫ್ಟಿನ 11 ಮೈಕ್ರಾನ್ ಗೀರನ್ನು ಎಮರಿಯಲ್ಲಿ ಪೂರ್ತಿ ತೆಗೆಯೋಕೆ ಹೋದರೆ ಜಾಬ್ ದುಂಡಗಿನ ಆಕಾರವೇ ಕಳೆದುಕೊಳ್ಳುತ್ತಿತ್ತು.

ಮತ್ತೆ ಎಣ್ಣೆ, ಮತ್ತೆ ದಾರ, ಮತ್ತೆ 60 ಸುತ್ತು. ನಾನೂ ಅಣ್ಣನೂ ಬಗ್ಗಿ ನೋಡಿದೆವು. ದಾರ ನಡುಗುತ್ತಿತ್ತು, ಆದರೆ ಸ್ಕೇಲಿನ ಗೆರೆ ಬಿಟ್ಟು ಹೋಗಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಉಲ್ಟಾ ತಿರುಗಿಸಿದೆ, ಆಗಲೂ ನಿಂತಲ್ಲೇ. ಅಣ್ಣ ಏನೂ ಹೇಳದೆ ಬಿಟ್ ಒರೆಸಿ ಜೇಬಿಗೆ ಹಾಕಿಕೊಂಡರು.

ಶಾಫ್ಟ್ ಜೊತೆ ಹೊಸ ಸೀಲನ್ನೂ ಕಳಿಸಿದೆ. ಒರಟು ಶಾಫ್ಟ್ ಮೇಲೆ ಓಡಿದ ಹಳೇ ಸೀಲಿನ ತುಟಿ ಸವೆದಿರುತ್ತದೆ, ಅದನ್ನು ಮತ್ತೆ ಹಾಕಿದರೆ ಇಷ್ಟೆಲ್ಲ ಮಾಡಿದ್ದೂ ದಂಡ. ಹತ್ತು ದಿನ ಬಿಟ್ಟು ನಾನೇ ಫೋನ್ ಮಾಡಿದೆ. ಹಿಂದೆ ಯಂತ್ರದ ಶಬ್ದ ಕೇಳಿಸುತ್ತಿತ್ತು. "ರಟ್ಟು ಒಣಗೇ ಇದೆ ನೋಡು, ಬದಲಾಯಿಸ್ಲೇ ಇಲ್ಲ" ಅಂದರು ಭಾವ. ಆಮೇಲೆ, ಮೋಟಾರ್ ಕಡೆ ಇರುವ ಇನ್ನೊಂದು ಶಾಫ್ಟಿನಲ್ಲೂ ಸಣ್ಣ ತುಕ್ಕು ಕಾಣ್ತಿದೆ, ಕೊಯ್ಲು ಮುಗಿದ ಮೇಲೆ ಅದನ್ನೂ ಕಳಿಸ್ತೇನೆ ಅಂದರು.

ಗೇರ್ ಕವರಿನ ಒಳಗಡೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ: ಎ 20, ಬಿ 80, ಸಿ 20, ಡಿ 80, 20 ಸುತ್ತಿಗೆ 1.87. ದಾರ ಮತ್ತು ಎರಡು ನಟ್ ಟೂಲ್ ಡ್ರಾಯರ್‌ನಲ್ಲಿ ಮೈಕ್ರೋಮೀಟರ್ ಪಕ್ಕದಲ್ಲೇ ಇವೆ.